ಡಬ್ಬಿ ವಾಪಸು ಕಳಿಸುತ್ತಿದ್ದೇನೆ

ಬ್ರಹ್ಮಾವರ
೧೫ ಮಾರ್ಚ್ ೨೦೨೬, ಭಾನುವಾರ

ಪ್ರೀತಿಯ ದೀಕ್ಷೂ,

ಈ ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಇರಲಿ. ತಡ ಮಾಡಿದ್ದಕ್ಕೆ ಆಮೇಲೆ ಬೇರೆಯಾಗಿ ಕೇಳುತ್ತೇನೆ. ಹೆಚ್ಚುಕಡಿಮೆ ನಾಲ್ಕು ವರ್ಷ ಒಂದು ಫೋನ್ ಮಾಡದವಳು, ನಂಬರ್ ಬದಲಾಯಿಸಿದ್ದನ್ನೂ ತಿಳಿಸದವಳು, ಈಗ ಇಷ್ಟು ಪುಟ ಬರೆದು ಎಣ್ಣೆ ಡಬ್ಬಿಯೊಳಗೆ ತುರುಕಿ ಬಸ್ಸಿನಲ್ಲಿ ಕಳಿಸಿದರೆ ನಿನಗೆ ಏನನ್ನಿಸಬಹುದು ಎಂದು ಹತ್ತು ಸಲ ಯೋಚಿಸಿದೆ. "ಡಬ್ಬಿ ಕೇಂಡ್ರೆ ಪುರಾಣ ಕಳ್ಸಿದ್ಳ್ ಕಾಣ್" ಎಂದು ನೀನು ನಿನ್ನ ಅಮ್ಮ ವನಜಮ್ಮನಿಗೆ ಹೇಳುವುದು ಇಲ್ಲಿಗೇ ಕೇಳಿಸುತ್ತಿದೆ. ಹಾಗೆ ಹೇಳಿದರೂ ಪರವಾಗಿಲ್ಲ. ಓದದೆ ಒಲೆಗೆ ಮಾತ್ರ ಹಾಕಬೇಡ.

ಫೋನಿನಲ್ಲಿ ಹೇಳಬಹುದಿತ್ತು. ನಿನ್ನ ಅಮ್ಮನ ಹತ್ತಿರ ನಿನ್ನ ಹೊಸ ನಂಬರ್ ಇಸಿದುಕೊಂಡಿದ್ದೇನೆ. ಮೂರು ಸಲ ಒತ್ತಿದೆ, ಮೂರು ಸಲವೂ ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಕುಂದಾಪುರದ ಹಾಸ್ಟೆಲಿನಲ್ಲಿ ಆರನೇ ಕ್ಲಾಸಿನಿಂದ ಪಿಯುಸಿವರೆಗೆ ಏಳು ವರ್ಷ ನಮ್ಮ ಕೈಯಲ್ಲಿ ಮೊಬೈಲ್ ಇರಲಿಲ್ಲವಲ್ಲ. ಜಗಳ ಆಡಿದ್ದೂ ಚೀಟಿಯಲ್ಲೇ, ರಾಜಿಯಾದದ್ದೂ ಚೀಟಿಯಲ್ಲೇ. ನನಗೆ ನಿನ್ನ ಹತ್ತಿರ ನಿಜ ಹೇಳಲು ಬರುವುದು ಇದೊಂದು ರೀತಿಯಲ್ಲಿ ಮಾತ್ರ.

ನನ್ನ ಸುದ್ದಿ: ಎಂ.ಎಸ್ಸಿ. ಕೆಮಿಸ್ಟ್ರಿ ಮೊದಲ ವರ್ಷ. ಬ್ರಹ್ಮಾವರದಿಂದ ಸ್ವಲ್ಪ ಒಳಗೆ ಕಾಲೇಜು. ಮತ್ತೆ ಹಾಸ್ಟೆಲ್ಲೇ, ಮತ್ತೆ ಊಟದ ಗಂಟೆ, ಮತ್ತೆ ಅದೇ ಟೊಮೆಟೊ ಸಾರು. ಅಮ್ಮ ಇನ್ನೂ ಮುಂಬಯಿಯಲ್ಲೇ ಕೆಲಸಕ್ಕಿದ್ದಾಳೆ. ಬಾರ್ಕೂರಿನ ನಮ್ಮ ಮನೆಯ ಬಾಗಿಲು ತೆರೆಯುವುದು ಮೇ ತಿಂಗಳಲ್ಲಿ ಮಾತ್ರ. ನನ್ನ ಹೆದರಿಕೆಯೂ ಎಲ್ಲಿಗೂ ಹೋಗಿಲ್ಲ. ಲ್ಯಾಬಿನಿಂದ ಹೊರಟು ಗೇಟಿನವರೆಗೆ ಬಂದು, ಸ್ವಿಚ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಓಡುತ್ತೇನೆ. ವಾಚ್‌ಮನ್ ತಿಮ್ಮಣ್ಣ ಮೊನ್ನೆ ಕೇಳಿದರು, "ಎಂತ ಮೇಡಂ, ಇವತ್ತ್ ಎರಡೇ ಸಲವಾ? ಆರಾಮ್ ಇಲ್ಲ್ಯಾ?"

ಲ್ಯಾಬಿನಲ್ಲಿ ನಾವು ಮಾಡುವುದು ನೀರನ್ನು ಒಡೆಯುವ ಕೆಲಸ. ನಿನಗೆ ಇದನ್ನು ವಿವರಿಸಬೇಕಾಗಿಲ್ಲ, ನನಗೆ ಮೊದಲು ತೋರಿಸಿದವಳೇ ನೀನು. ಹತ್ತನೇ ಕ್ಲಾಸಿನಲ್ಲಿ ವಾರ್ಡನ್ನರ ಟಾರ್ಚಿನ ಹಳೇ ಸೆಲ್ ಎರಡು ಒಡೆದು, ಅವುಗಳ ಒಳಗಿನ ಕಪ್ಪು ಕಡ್ಡಿ ತೆಗೆದು, ಸ್ನಾನದ ಮಗ್ಗಿಗೆ ತೂತು ಹೊಡೆದು ಸಿಕ್ಕಿಸಿ, ಉಪ್ಪು ಹಾಕಿದ ನೀರಿಗೆ ಬ್ಯಾಟರಿ ಕೊಟ್ಟೆಯಲ್ಲ? ಒಂದು ಕೊಳವೆಯಲ್ಲಿ ಗುಳ್ಳೆ ತುಂಬಿತು. ನೀನು ಬೆಂಕಿಕಡ್ಡಿ ಗೀರಿ ಹತ್ತಿರ ಹಿಡಿದೆ, ಪೊಪ್ ಎಂದಿತು. ನಾನು ಕಿರುಚಿದೆ. "ಹೈಡ್ರೋಜನ್ ಮಾರಾಯ್ತಿ, ದೆವ್ವ ಅಲ್ಲ" ಎಂದೆ ನೀನು. ಮಗ್ಗಿಗೆ ತೂತು ಹೊಡೆದದ್ದಕ್ಕೆ ವಾರ್ಡನ್ ನಮ್ಮಿಬ್ಬರನ್ನೂ ಒಂದು ವಾರ ಪಾತ್ರೆ ತೊಳೆಯಲು ಹಾಕಿದರು. ಆ ಪೊಪ್ ಸದ್ದಿನ ಹಿಂದೆಯೇ ನಾನು ಇಲ್ಲಿಯವರೆಗೆ ಬಂದದ್ದು. ಈ ಮಾತು ಯಾವ ಇಂಟರ್‌ವ್ಯೂನಲ್ಲೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಹೈಡ್ರೋಜನ್ ಉರಿದರೆ ಹೊಗೆ ಇಲ್ಲ, ನೀರು ಮಾತ್ರ. ಆದರೆ ಈಗ ಜಗತ್ತಿನಲ್ಲಿ ತಯಾರಾಗುವ ಹೈಡ್ರೋಜನ್‌ನಲ್ಲಿ ಬಹುಪಾಲು ಬರುವುದು ನೈಸರ್ಗಿಕ ಅನಿಲದಿಂದ, ಕಲ್ಲಿದ್ದಲಿನಿಂದ. ಅಲ್ಲಿ ಹೊಗೆ ಮೊದಲೇ ಬಿಟ್ಟಾಗಿರುತ್ತದೆ. ಸೂರ್ಯನ ಕರೆಂಟಿನಿಂದ ನೀರು ಒಡೆದರೆ ಮಾತ್ರ ಅದು ನಿಜವಾಗಿ ಶುದ್ಧ. ತೊಂದರೆ ಏನೆಂದರೆ ನೀರು ಸುಲಭಕ್ಕೆ ಒಡೆಯುವುದಿಲ್ಲ, ಸುಮ್ಮನೆ ಕರೆಂಟ್ ತಿನ್ನುತ್ತದೆ. ಮುಖ್ಯವಾಗಿ ಆಮ್ಲಜನಕ ಬಿಡುವ ಕಡೆಯ ತಂತಿಯಲ್ಲಿ. ಅಲ್ಲಿಗೆ ಕ್ರಿಯಾವರ್ಧಕ ಬೇಕು, ನಾವಿಲ್ಲಿ ಕ್ಯಾಟಲಿಸ್ಟ್ ಎನ್ನುತ್ತೇವೆ. ಚಿನ್ನಕ್ಕಿಂತ ಅಪರೂಪದ ಲೋಹಗಳು ಆ ಕೆಲಸ ಚೆನ್ನಾಗಿ ಮಾಡುತ್ತವೆ, ಅವು ನಮಗೆಲ್ಲಿ ಸಿಗಬೇಕು? ಹಾಗಾಗಿ ನಿಕ್ಕಲ್ ಜಾಲರಿಯ ಮೇಲೆ ಅಗ್ಗದ ಏನನ್ನಾದರೂ ಲೇಪಿಸಿ ನೋಡುವುದು ನಮ್ಮ ಲ್ಯಾಬಿನ ಕೆಲಸ.

ನಮ್ಮ ಗೈಡ್ ವಿನಯಾ ಮೇಡಂ. ಮೊದಲ ವರ್ಷದವರನ್ನು ಅವರು ಲ್ಯಾಬಿಗೆ ಸೇರಿಸುವುದೇ ಇಲ್ಲ. ನಾನು ಬಾಗಿಲಲ್ಲಿ ನಾಲ್ಕು ದಿನ ನಿಂತೆ ಎಂದು ಸೇರಿಸಿಕೊಂಡರು. ಮೊದಲ ದಿನವೇ ಹೇಳಿದ್ದು, "ಒಂದು ದಿನ ಹೊಳೆಯುವ ಕ್ಯಾಟಲಿಸ್ಟ್ ಯಾರು ಬೇಕಾದರೂ ಮಾಡ್ತಾರೆ ಮೋಕ್ಷಿತಾ. ಗುಳ್ಳೆಗಳು ಎದ್ದೂ ಎದ್ದೂ ಲೇಪ ಉದುರಿಹೋಗಬಾರದು. ಇನ್ನೊಬ್ಬರು ಇನ್ನೊಂದು ಊರಲ್ಲಿ ಮಾಡಿದರೂ ಹಾಗೇ ಬರಬೇಕು. ಪ್ರ್ಯಾಕ್ಟಿಕಲ್ ಅಂದ್ರೆ ಅಷ್ಟೇ." ನಮ್ಮ ಪುಸ್ತಕದಲ್ಲಿ ಕ್ರಿಯಾವರ್ಧಕ ತಾನು ಬದಲಾಗುವುದಿಲ್ಲ ಎಂದಿತ್ತು, ನೆನಪಿದೆಯಾ? ಇಲ್ಲಿ ನೋಡಿದರೆ ಎಲ್ಲವೂ ಬದಲಾಗುತ್ತವೆ, ಸವೆಯುತ್ತವೆ, ಕರಗುತ್ತವೆ. ನಾವು ಮಾಡಿದ್ದೆಲ್ಲ ಎರಡನೇ ದಿನಕ್ಕೆ ಜಾಡಿಯ ತಳದಲ್ಲಿ ಮಣ್ಣಾಗಿ ಕುಳಿತಿರುತ್ತಿತ್ತು.

ಗೇರುಬೀಜದ ಒಳಸಿಪ್ಪೆಯ ಚೊಗರು, ಅಂದರೆ ಟ್ಯಾನಿನ್, ಲೋಹವನ್ನು ಹಿಡಿದು ಅಂಟಿಸಬಹುದು ಎಂಬ ಯೋಚನೆ ಬಂದದ್ದು ನವೆಂಬರಿನಲ್ಲಿ. ಬಂದದ್ದು ಎಂದರೆ ವನಜಮ್ಮನ ಕೈ ನೆನಪಾಯಿತು. ರಜೆಯಲ್ಲಿ ನಿಮ್ಮ ಮನೆಗೆ ಬಂದಾಗ ಗೇರುಬೀಜದ ಫ್ಯಾಕ್ಟರಿಯಿಂದ ಬಂದ ಅವರ ಬೆರಳ ತುದಿ ಕೆಂಪಾಗಿರುತ್ತಿತ್ತು, ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಈಗ ಅದೇ ಫ್ಯಾಕ್ಟರಿಗೆ ಹೋಗುವ ನಿನ್ನ ಬೆರಳೂ ಹಾಗೇ ಆಗಿರಬೇಕು. ಆ ವಾರವೇ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ವನಜಮ್ಮ ಸಿಕ್ಕರು. ನಾನು ತಲೆತಪ್ಪಿಸಿಕೊಳ್ಳಲು ನೋಡಿದೆ, ಅವರು ಬಿಡಲಿಲ್ಲ. ರಸ್ತೆ ಆಚೆಯಿಂದಲೇ "ಹ್ವಾಯ್ ಮೋಕ್ಷೀ!" ಎಂದು ಕೂಗಿದರು, ಬಂದು ಗಲ್ಲ ಹಿಡಿದು "ಎಂತ ಹೆಣೆ, ಒಣಮೀನ್ ಆಯ್ದೆ? ಹಾಸ್ಟೆಲಗೆ ಊಟ ಹಾಕ್ತಿಲ್ಲ್ಯಾ?" ಎಂದರು. ಏನು ಮಾತಾಡಬೇಕೋ ತಿಳಿಯದೆ ಸಿಪ್ಪೆಯ ವಿಷಯ ಹೇಳಿದೆ. "ಸಿಪ್ಪಿಯಾ? ರಾಶಿ ರಾಶಿ ಬಿಸಾಡ್ತ್ರ್. ದೀಕ್ಷನ ಹತ್ರ ಹೇಳ್ತೆ" ಎಂದು ನನ್ನ ನಂಬರ್ ಬರೆದುಕೊಂಡರು.

ಎರಡು ವಾರಕ್ಕೆ ಬೈಂದೂರು ಕಡೆಯಿಂದ ಬರುವ ಬಸ್ಸಿನ ಕಂಡಕ್ಟರ್ ಗಣಪಣ್ಣನ ಫೋನು. "ಮೋಕ್ಷಿತಾ ಅಂದ್ರೆ ನೀವಾ? ಒಂದ್ ಡಬ್ಬಿ ಇತ್ತ್, ಬೇಗ ಬನ್ನಿ, ನಮ್ ಸೀಟೆಲ್ಲ ಕಪ್ಪ್ ಆಯ್ತ್." ತೆಂಗಿನೆಣ್ಣೆಯ ಹಳೇ ಪ್ಲಾಸ್ಟಿಕ್ ಡಬ್ಬಿ, ತುಂಬ ಕಪ್ಪು ಕಷಾಯ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡಿನಲ್ಲಿ ನಿನ್ನ ಚೀಟಿ. ಅದನ್ನು ಇಟ್ಟುಕೊಂಡಿದ್ದೇನೆ. "ಸಿಪ್ಪಿ ಕಳ್ಸಿರೆ ಹಾಸ್ಟೆಲಗೆ ಎಲ್ಲಿ ಬೇಯ್ಸ್ತೆ? ಬೇಯ್ಸಿಯೇ ಕಳ್ಸಿದ್ದೆ. ಡಬ್ಬಿ ವಾಪಾಸ್ ಕಳ್ಸ್, ಅಬ್ಬಿ ಬೈತ್ರ್." ಅಮ್ಮನನ್ನು ನೀನು ಇನ್ನೂ ಅಬ್ಬಿ ಎಂದೇ ಕರೆಯುತ್ತೀ.

ನಾಲ್ಕು ವರ್ಷ ಏಕೆ ಮಾತಾಡಲಿಲ್ಲ ಎಂದು ಒಂದು ಅಕ್ಷರ ಇಲ್ಲ. ನಾನು ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ತಬ್ಬಿಕೊಂಡು ನಿಂತು ಅತ್ತೆ ದೀಕ್ಷೂ. ಚೂಡಿದಾರ್ ಪೂರ್ತಿ ಕಪ್ಪಾಯಿತು.

ಜಾಲರಿಯನ್ನು ಆ ಕಷಾಯದಲ್ಲಿ ಅದ್ದಿ ಒಣಗಿಸಿ, ಮತ್ತೆ ಅದ್ದಿ ಒಣಗಿಸಿ, ಐದು ಸಲ ಮಾಡಿದೆ. ಕರೆಂಟ್ ಕೊಟ್ಟರೆ ಗುಳ್ಳೆ ಮಳೆಹನಿಯಂತೆ ಎದ್ದವು. ಅಷ್ಟು ಕಡಿಮೆ ವೋಲ್ಟಿಗೆ ನಮ್ಮ ಲ್ಯಾಬಿನಲ್ಲಿ ಯಾವತ್ತೂ ಬಂದಿರಲಿಲ್ಲ. ಒಂದು ದಿನ ಹೋಯಿತು, ಒಂದು ವಾರ ಹೋಯಿತು, ಇನ್ನೂರು ಗಂಟೆ ಕಳೆದರೂ ಲೇಪ ಉದುರಲಿಲ್ಲ. ನಮ್ಮ ಸೀನಿಯರ್ ರೋಷನ್, ನನ್ನನ್ನು ಯಾವಾಗಲೂ "ಎಲ್‌ಕೆಜಿ" ಎಂದು ಕರೆಯುವವನು, ಗ್ರಾಫ್ ನೋಡಿ, "ನಿಮ್ಮ ಗೇರುಬೀಜದ ಕಷಾಯ ನನಗೂ ಒಂದು ಲೋಟ ಕೊಡಿ ಮಾರಾಯ್ರೆ, ನನ್ನ ಥೀಸಿಸ್ ಮುಗೀಲಿ" ಎಂದ. ವಿನಯಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕೇಳಿದರು, "ಈ ಕಷಾಯ ಯಾರು ತಯಾರಿಸಿದ್ದು?"

ನಾನು "ನಾನೇ ಮೇಡಂ" ಎಂದೆ.

ಏಕೆಂದು ಕೇಳಬೇಡ. ಅವರು ಅಷ್ಟು ಸಂತೋಷದಲ್ಲಿದ್ದರು, ಬಾಯಿಂದ ಬಂದುಬಿಟ್ಟಿತು. "ಯಾವುದರಲ್ಲಿ ಕುದಿಸಿದೆ? ಕಬ್ಬಿಣ ಗಿಬ್ಬಿಣ ಸೇರಿಲ್ಲ ತಾನೆ?" ಎಂದು ಮತ್ತೆ ಕೇಳಿದರು. "ಇಲ್ಲ ಮೇಡಂ, ಗಾಜಿನ ಬೀಕರಿನಲ್ಲಿ, ಡಿಸ್ಟಿಲ್ಡ್ ವಾಟರಿನಲ್ಲಿ" ಎಂದೆ. ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದು ತಾರೀಕು ಹಾಕಿ ಸಹಿ ಮಾಡಿದೆ. ನಾನು ಕಾಣದ ಬೀಕರು, ಕಾಣದ ನೀರು, ಎಷ್ಟು ನಿಮಿಷ ಕುದಿಸಿದೆ ಎಂದು ಕೂಡ.

ಊಟದ ಗಂಟೆ ಹೊಡೆಯಿತು. ನಾಳೆ ಮುಂದುವರಿಸುತ್ತೇನೆ.

೧೬ ಮಾರ್ಚ್, ಬೆಳಿಗ್ಗೆ

ಡಬ್ಬಿ ಜನವರಿಗೆ ಖಾಲಿಯಾಯಿತು. ಏಪ್ರಿಲಿನಲ್ಲಿ ನಮ್ಮ ಪ್ರಾಜೆಕ್ಟ್ ನೋಡಲು ಹೊರಗಿನಿಂದ ತಜ್ಞರು ಬರುತ್ತಾರೆ. ಅವರು ಒಪ್ಪಿದರೆ ಲ್ಯಾಬ್ ಇನ್ನು ಮೂರು ವರ್ಷ ನಡೆಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕಬೇಕು. ಅವರಿಗೆ ತೋರಿಸಲು ಮೇಡಂ ನನ್ನ ಜಾಲರಿಯನ್ನೇ ಆರಿಸಿದರು, ಹೊಸದಾಗಿ ಆರು ಮಾಡು ಎಂದರು. ಮಂಗಳೂರಿನಿಂದ ಸಿಪ್ಪೆ ತರಿಸಿಕೊಂಡು, ಈಗ ನಿಜವಾಗಿಯೇ ಗಾಜಿನ ಬೀಕರಿನಲ್ಲಿ, ಡಿಸ್ಟಿಲ್ಡ್ ವಾಟರಿನಲ್ಲಿ ಕುದಿಸಿದೆ. ಕಷಾಯ ಕೆಂಪಾಯಿತು, ಕಪ್ಪಾಗಲಿಲ್ಲ. ಜಾಲರಿ ಏನೂ ಕೆಲಸ ಮಾಡಲಿಲ್ಲ. ಮತ್ತೆ ಮಾಡಿದೆ. ಮತ್ತೆ ಇಲ್ಲ. ಬೀಕರನ್ನು ಐದೈದು ಸಲ ತೊಳೆದೆ. ರೋಷನ್ ನನ್ನ ನೋಟ್‌ಬುಕ್ ನೋಡಿಕೊಂಡು ಅಕ್ಷರಕ್ಕೆ ಅಕ್ಷರ ಹಾಗೇ ಮಾಡಿದ, ಅವನಿಗೂ ಬರಲಿಲ್ಲ. ಅವನು ಕೆಟ್ಟವನಲ್ಲ, ಆದರೆ ಅವತ್ತು ಹೇಳಿದ್ದು ಮನಸ್ಸಿಗೆ ನಾಟಿತು: "ಎಲ್‌ಕೆಜಿ, ಗ್ರಾಫನ್ನು ಪೆನ್ಸಿಲಲ್ಲಿ ಬಿಡಿಸಿದ್ದಾ?"

ಮೇಡಂ ಬೈಯಲಿಲ್ಲ. ಬೈದಿದ್ದರೆ ಸುಖವಿತ್ತು. "ರಿಪೋರ್ಟ್ ಕಳಿಸೋಕೆ ಇನ್ನು ನಾಲ್ಕು ವಾರ ಇದೆ. ಯೋಚನೆ ಮಾಡು" ಎಂದಷ್ಟೇ ಹೇಳಿದರು. ನನ್ನ ಮುಂದೆ ಎರಡು ದಾರಿ. ಮೊದಲನೆಯ ಗ್ರಾಫೇ ತಪ್ಪು, ಮೀಟರ್ ಸರಿ ಇರಲಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿ ಕೈತೊಳೆದುಕೊಳ್ಳುವುದು. ಇಲ್ಲವೇ ನಿನ್ನ ಹತ್ತಿರ ಬಂದು ನೀನು ಹೇಗೆ ಕುದಿಸಿದೆ ಎಂದು ಕೇಳುವುದು. ಯಾವುದು ಹೆಚ್ಚು ಕಷ್ಟ ಎಂದು ನನಗೆ ಎರಡು ದಿನ ನಿಜವಾಗಿಯೂ ಗೊತ್ತಾಗಲಿಲ್ಲ.

ಮಾರ್ಚ್ ಒಂದನೇ ತಾರೀಕು, ಭಾನುವಾರ, ನಾನು ಉಪ್ಪುಂದಕ್ಕೆ, ನಿಮ್ಮ ಮನೆಗೆ ಬಂದಿದ್ದೆ. ನಿನ್ನ ಬಚ್ಚಜ್ಜ ನಿನಗೆ ಹೇಳಿರಬೇಕು. ಸೀಸನ್ ಎಂದು ನಿಮಗೆ ಭಾನುವಾರವೂ ಕೆಲಸ, ನೀನೂ ವನಜಮ್ಮನೂ ಫ್ಯಾಕ್ಟರಿಗೆ ಹೋಗಿದ್ದಿರಿ, ನಿನ್ನ ಅಪ್ಪ ಪೇಟೆಗೆ. ಅಜ್ಜ ಜಗಲಿಯಲ್ಲಿ ಕುಳಿತು ಬಲೆ ಸರಿಮಾಡುತ್ತಿದ್ದರು.

"ಎಂತ ಹೆಣೆ, ದಾರಿ ತಪ್ಪಿ ಬಂದ್ಯಾ?"

"ಇಲ್ಲ ಅಜ್ಜ, ಆ ಕಷಾಯ ಎಲ್ಲಿ ಕುದಿಸಿದ್ದು ಎಂದು ಕೇಳಲು ಬಂದೆ."

"ಕಷಾಯಕ್ಕೆ ಬಂದದ್ದಾ! ನಾ ಎಣಿಸ್ದೆ, ಅಜ್ಜನ್ನ ಕಾಂಬುಕ್ ಬಂದ್ಳ್ ಅಂತ್ಹೇಳಿ." ನಕ್ಕರು, ಬಾವಿಕಟ್ಟೆಯ ಕಡೆ ಕೈ ತೋರಿಸಿದರು. ಅಲ್ಲಿ ಕಲ್ಲಿನ ಮೇಲೆ ನೀವು ಸ್ನಾನಕ್ಕೆ ನೀರು ಕಾಯಿಸುವ ಆ ದೊಡ್ಡ ಬಾಣಲೆ. ಏಳು ವರ್ಷ ರಜೆಯಲ್ಲೆಲ್ಲ ಅದರ ನೀರನ್ನು ಮೈಗೆ ಹೊಯ್ದುಕೊಂಡಿದ್ದೇನೆ, ಅದು ಯಾವ ಲೋಹದ್ದು ಎಂದು ಒಂದು ದಿನ ನೋಡಿದವಳಲ್ಲ. ಕಬ್ಬಿಣ ದೀಕ್ಷೂ. ಹೊರಗೆಲ್ಲ ತುಕ್ಕು, ಒಳಗೆ ಕಷಾಯ ಮುಟ್ಟಿದ ಎತ್ತರದವರೆಗೆ ಶಾಯಿಯಂಥ ಕಪ್ಪು.

"ಅದ್ ಬಲಿಗ್ ಬಣ್ಣ ಹಾಕು ಬಾಣ್ಲಿ" ಎಂದರು ಅಜ್ಜ. "ನೈಲಾನ್ ಬಪ್ಪುಕ್ ಮುಂಚೆ ನಮ್ದೆಲ್ಲ ಹತ್ತಿ ನೂಲಿನ ಬಲಿ. ಮರದ್ ತೊಗಟಿ, ಗೇರ್ ಸಿಪ್ಪಿ, ಎಲ್ಲ ಹಾಕಿ ಬೇಯ್ಸುದ್. ಮಣ್ಣಿನ ಮಡ್ಕಿಯಗೆ ಬೇಯ್ಸಿರೆ ಬಲಿ ಕೆಂಪ್ ಆತಿತ್ತ್. ಇದ್ರಗೆ ಬೇಯ್ಸಿರೆ ಕಪ್ಪ್. ಕಪ್ಪ್ ಬಣ್ಣ ಸಮುದ್ರದ್ ನೀರಗೂ ಬಿಡ್ತಿರ್ಲಿಲ್ಲೆ. ನೆರಳಗೇ ಒಣ್ಗಿಸ್ಕ್ ಮತ್ತೆ. ಬಿಸಿಲಿಗ್ ಹಾಕಿರೆ ಹಕ್ಕಳಿ ಎದ್ದ್ ಹೋತ್ತ್."

"ದೀಕ್ಷಾಗೆ ಇದು ಗೊತ್ತಿತ್ತಾ ಅಜ್ಜ?"

"ಅವ್ಳಿಗಾ? ಅವ್ಳೇ ಕೇಂಡದ್ದ್, 'ಅಜ್ಜ, ಕೆಂಪಿದ್ ಬೇಕಾ ಕಪ್ಪಿದ್ ಬೇಕಾ, ಯಾವ್ದ್ ಹೆಚ್ಚ್ ಹಿಡಿತ್ತ್' ಅಂತ. ಕಪ್ಪಿದ್ದೇ ಅಂದೆ. ಎರಡ್ ದಿನ ರಜಿ ಮಾಡಿ ಬೇಯ್ಸಿದ್ಳ್. ಕೈಯೆಲ್ಲ ಕರಿ. 'ಮೋಕ್ಷಿಗೆ ಬಪ್ಪ ಕೆಲ್ಸ ಅಲ್ಲ ಇದ್' ಅಂದ್ಳ್."

ನಾನು ಬಾಣಲೆಯ ಪಕ್ಕ ಕುಳಿತುಬಿಟ್ಟೆ. ಯಾವುದು ಹೆಚ್ಚು ಹಿಡಿಯುತ್ತದೆ? ನಮ್ಮ ಲ್ಯಾಬಿನಲ್ಲಿ ಎಲ್ಲರೂ ಕೇಳುತ್ತಿರುವ ಪ್ರಶ್ನೆ ಅದೇ. ನೀನು ಬಾವಿಕಟ್ಟೆಯಲ್ಲಿ ಕೇಳಿ, ಕೇಳಬೇಕಾದವರನ್ನೇ ಕೇಳಿ, ಉತ್ತರ ತೆಗೆದುಕೊಂಡು, ಎರಡು ದಿನದ ಕೆಲಸ ಬಿಟ್ಟು ಕುದಿಸಿ ಕಳಿಸಿದೆ.

ಅಜ್ಜ ಒಳಗೆ ಹೋಗಿ ಚಹಾ ಮಾಡಿ ತಂದರು. ಕುಡಿಯುವಾಗ ಮೆಲ್ಲಗೆ ಹೇಳಿದರು, "ನೀವಿಬ್ರೂ ಒಟ್ಟಿಗೆ ಓದಿದ್ರೆ ಚಂದ ಇತ್ತ್. ಆಪೀಸಿನರ್ ಆ ಫಾರಂ ಕಳ್ದ್ ಹಾಕ್ದಿದ್ರೆ ಅವ್ಳೂ ನಿನ್ನ ಹಾಂಗೇ ಆತಿದ್ಳ್." ಆ ಫಾರಂ ವಿಷಯ ಈ ಕಾಗದದ ಕೊನೆಗೆ ಬರೆಯುತ್ತೇನೆ. ಈಗಲೇ ಬರೆದರೆ ಉಳಿದದ್ದನ್ನು ಬರೆಯಲು ಕೈ ಏಳುವುದಿಲ್ಲ.

ನೀನು ಐದಕ್ಕೆ ಬರುತ್ತೀ ಎಂದರು ಅಜ್ಜ, ಇರು ಎಂದರು. ನಾನು ನಾಲ್ಕೂವರೆಯ ಬಸ್ಸಿಗೆ ಹೊರಟೆ.

ಬರುವಾಗ ಬಾಣಲೆಯ ಒಳಗಿನ ಕರಿಯನ್ನು ಕೆರೆದು ಕಾಗದದಲ್ಲಿ ಕಟ್ಟಿಕೊಂಡು ಬಂದಿದ್ದೆ. ಮರುದಿನ ಅದನ್ನೂ, ಡಬ್ಬಿಯ ತಳದಲ್ಲಿ ಉಳಿದಿದ್ದ ಗಸಿಯನ್ನೂ ಸುಟ್ಟು ಬೂದಿ ಮಾಡಿ ಆಸಿಡ್‌ನಲ್ಲಿ ಕರಗಿಸಿ, ಪಿಯುಸಿಯಲ್ಲಿ ನೀನು ಕಣ್ಣುಮುಚ್ಚಿ ಮಾಡುತ್ತಿದ್ದ, ಕಬ್ಬಿಣ ಹುಡುಕುವ ಆ ಥಯೋಸಯನೇಟ್ ಟೆಸ್ಟ್ ಮಾಡಿದೆ. ಎರಡೂ ಕೊಳವೆ ರಕ್ತದ ಹಾಗೆ ಕೆಂಪಾದವು. ಬಾಣಲೆಯ ಕಬ್ಬಿಣವೇ ಕಷಾಯಕ್ಕೆ ಇಳಿದಿತ್ತು. ಚೊಗರು ಅದನ್ನು ಹಿಡಿದು ನಿಕ್ಕಲ್ಲಿಗೆ ಅಂಟಿಸಿತ್ತು. ನಿಕ್ಕಲ್ಲಿಗೆ ಚೂರು ಕಬ್ಬಿಣ ಸೇರಿದರೆ ಆಮ್ಲಜನಕದ ಕಡೆ ಕೆಲಸ ಎಷ್ಟೋ ಸಲೀಸು ಎಂದು ಪುಸ್ತಕದಲ್ಲೇ ಇದೆ, ಮೇಡಂ ಅದಕ್ಕೇ ಮೊದಲ ದಿನವೇ ಕಬ್ಬಿಣದ ಪ್ರಶ್ನೆ ಕೇಳಿದ್ದು. ಯಾರಿಗೂ ಹೊಳೆಯದಿದ್ದದ್ದು, ಬಿಸಾಡುವ ಸಿಪ್ಪೆಯಿಂದ ಅದನ್ನು ಇಷ್ಟು ಗಟ್ಟಿಯಾಗಿ ಹಿಡಿಸಬಹುದು ಎಂಬುದು. ನನ್ನ "ಇಲ್ಲ ಮೇಡಂ" ಎಂಬ ಒಂದು ಮಾತು ಎರಡು ತಿಂಗಳು ಎಲ್ಲರನ್ನೂ ದಾರಿ ತಪ್ಪಿಸಿತ್ತು.

ಮೇಡಂ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದೆ. ಕಷಾಯ ನನ್ನದಲ್ಲ, ಬೀಕರ್ ಸುಳ್ಳು, ಡಿಸ್ಟಿಲ್ಡ್ ವಾಟರ್ ಸುಳ್ಳು. ಅಳಬಾರದೆಂದು ಇಂಗ್ಲಿಷಿನಲ್ಲಿ ಶುರು ಮಾಡಿದೆ, ಎರಡು ವಾಕ್ಯಕ್ಕೆ ಇಂಗ್ಲಿಷ್ ಮುಗಿದುಹೋಯಿತು. ಅವರು ನೋಟ್‌ಬುಕ್ ತೆಗೆಸಿ ಆ ಪುಟ ನೋಡಿದರು. ನಾನು ಆ ಪುಟ ಹರಿದು ಹೊಸದಾಗಿ ಬರೆಯಲಾ ಎಂದು ಕೇಳಿದೆ. ಅವರಿಗೆ ಸಿಟ್ಟು ಬಂದದ್ದು ಆಗ.

"ಹರೀತೀಯಾ? ಲ್ಯಾಬ್ ನೋಟ್‌ಬುಕ್ಕಿಂದ ಪುಟ ಹರಿಯೋ ಹಾಗಿಲ್ಲ. ಮೇಲೆ ಒಂದೇ ಗೆರೆ ಎಳಿ, ಕೆಳಗಿನದು ಓದೋಕೆ ಬರಬೇಕು. ಪಕ್ಕದಲ್ಲಿ ನಿಜ ಬರೆದು, ಇವತ್ತಿನ ತಾರೀಕು ಹಾಕಿ ಸಹಿ ಮಾಡು. ಸುಳ್ಳೂ ಇರಲಿ, ನಿಜವೂ ಇರಲಿ, ಎರಡನ್ನೂ ಜನ ನೋಡಲಿ."

ಹಾಗೇ ಮಾಡಿದೆ. ಆಮೇಲೆ ರೋಷನ್ ಬೇರೆ ಕಬ್ಬಿಣದ ಬಾಣಲೆ ತಂದ, ಅವನ ಅಮ್ಮ ಇನ್ನೂ ಹುಡುಕುತ್ತಿದ್ದಾರಂತೆ. ಅಜ್ಜ ಹೇಳಿದಂತೆ ನೆರಳಿನಲ್ಲಿ ಒಣಗಿಸಿದೆವು. ಅವನ ಕೈಯಲ್ಲಿ ಮೂರು, ನನ್ನ ಕೈಯಲ್ಲಿ ಮೂರು, ಆರೂ ಜಾಲರಿ ಒಂದೇ ಹಾಗೆ ಓಡುತ್ತಿವೆ. ಈಗ ನಾನು ಬರೆಯುತ್ತಿರುವಾಗಲೂ ಗುಳ್ಳೆ ಏಳುತ್ತಿವೆ. ರೋಷನ್ ನನಗೆ ಯುಕೆಜಿಗೆ ಬಡ್ತಿ ಕೊಟ್ಟಿದ್ದಾನೆ.

ಮೊನ್ನೆ ಶುಕ್ರವಾರ ಮೇಡಂ ರಿಪೋರ್ಟಿನ ಮೊದಲ ಪುಟ ತುಂಬಿಸುತ್ತಿದ್ದರು. ಅವರ ಹೆಸರು, ರೋಷನ್ ಹೆಸರು, ನನ್ನ ಹೆಸರು. ಪೆನ್ನು ಎತ್ತಿ ಕೇಳಿದರು, "ಇನ್ನೊಂದು ಇದೆಯಾ?"

"ಇದೆ ಮೇಡಂ" ಎಂದೆ. "ದೀಕ್ಷಾ, ಉಪ್ಪುಂದ."

ಪೂರ್ತಿ ಹೆಸರು ಹೇಗೆ ಬರೆಯಬೇಕು ಎಂದು ಅವಳನ್ನೇ ಕೇಳು, ಒಪ್ಪಿಗೆ ಇಲ್ಲದೆ ಹಾಕುವ ಹಾಗಿಲ್ಲ ಎಂದರು. ಏಪ್ರಿಲ್ ಹತ್ತಕ್ಕೆ ತಜ್ಞರು ಬಂದಾಗ ನೀನು ಬಂದು ಕುದಿಸುವುದನ್ನು ತೋರಿಸುತ್ತೀಯಾ ಎಂದೂ ಕೇಳಲು ಹೇಳಿದರು. ಲ್ಯಾಬ್ ಉಳಿದರೆ ಕೆಲಸಕ್ಕೆ ಒಬ್ಬರು ಬೇಕಾಗುತ್ತಾರೆ, ಪಿಯುಸಿ ಸಯನ್ಸ್ ಸಾಕು, ಪಕ್ಕದಲ್ಲಿ ಡಿಗ್ರಿಯನ್ನೂ ಮುಂದುವರಿಸಬಹುದು ಎಂದು ಅವರಾಗಿಯೇ ಹೇಳಿದರು. ಇದು ನಾನು ನಿನಗೆ ಕೊಡುತ್ತಿರುವುದಲ್ಲ. ಕೊಡಲು ನನ್ನ ಹತ್ತಿರ ಏನಿದೆ? ಮೋಲ್ ಲೆಕ್ಕವನ್ನು ಬೆಲ್ಲದ ಅಚ್ಚು ಇಟ್ಟು ಹೇಳಿಕೊಟ್ಟವಳು ನೀನು. ಅಮ್ಮ ಬಾರದ ದಸರಾ ರಜೆಗಳಲ್ಲಿ ನನ್ನ ಬ್ಯಾಗನ್ನು ಕೇಳದೇ ನಿಮ್ಮ ಊರಿನ ಬಸ್ಸಿಗೆ ಹಾಕಿದವಳು ನೀನು. ವನಜಮ್ಮ ಬಂಗುಡೆಯ ದೊಡ್ಡ ತುಂಡನ್ನು ನನ್ನ ಬಟ್ಟಲಿಗೇ ಹಾಕುತ್ತಿದ್ದರು, ನೀನು ಮುಖ ಊದಿಸಿಕೊಳ್ಳುತ್ತಿದ್ದೆ, ಆಮೇಲೆ ಮುಳ್ಳು ಬಿಡಿಸಿಕೊಡುತ್ತಿದ್ದೆ. ಇದಕ್ಕೆಲ್ಲ ನಾನು ಯಾವತ್ತೂ ಥ್ಯಾಂಕ್ಸ್ ಹೇಳಿಲ್ಲ. ಈಗ ಹೇಳುತ್ತಿದ್ದೇನೆ, ತಡವಾಗಿ, ಡಬ್ಬಿಯ ಜೊತೆಗೆ.

ಡಬ್ಬಿಯನ್ನು ಚೆನ್ನಾಗಿ ತೊಳೆದಿದ್ದೇನೆ, ಕಪ್ಪು ಮಾತ್ರ ಹೋಗಲಿಲ್ಲ, ವನಜಮ್ಮನಿಗೆ ಹೇಳು. ಅಜ್ಜನ ಪಾದ ಮುಟ್ಟಿ ನನ್ನ ನಮಸ್ಕಾರ ತಿಳಿಸು. ನಿನ್ನ ಅಪ್ಪನ ಕೈ ಈಗ ಹೇಗಿದೆ? ದೇವರು ನಿಮ್ಮ ಮನೆಯವರನ್ನೆಲ್ಲ ತಣ್ಣಗೆ ಇಟ್ಟಿರಲಿ.

ನಿನ್ನ,
ಮೋಕ್ಷಿ

ಮರೆತದ್ದಲ್ಲ, ಕೊನೆಗೆಂದೇ ಇಟ್ಟದ್ದು: ಡಬ್ಬಿಯ ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಚಿದ ಒಂದು ಕಾಗದ ಇದೆ. ತೆಗೆದು ನೋಡು, ನಿನ್ನದೇ ಅಕ್ಷರ. ಪಿಯುಸಿ ಮುಗಿದ ವರ್ಷ ನಮ್ಮ ಹಾಸ್ಟೆಲಿನ ಟ್ರಸ್ಟ್ ಒಬ್ಬ ಹುಡುಗಿಯನ್ನು ಡಿಗ್ರಿ ಓದಿಸುತ್ತೇವೆ ಎಂದಿತ್ತಲ್ಲ, ಅದರ ಫಾರಂ. ಬೋಟಿನಲ್ಲಿ ನಿನ್ನ ಅಪ್ಪನ ಕೈ ಜಜ್ಜಿಹೋಗಿ ನೀನು ಆಸ್ಪತ್ರೆಗೆ ಓಡಿದೆ, ಓಡುವಾಗ ಇದನ್ನು ನನ್ನ ಕೈಗೆ ಕೊಟ್ಟೆ, "ನಿಂದರ ಒಟ್ಟಿಗೆ ಕೊಡ್" ಎಂದೆ. ನಾನು ಆಫೀಸಿನ ಕಿಟಕಿಯಲ್ಲಿ ನನ್ನ ಫಾರಂ ಕೊಟ್ಟೆ. ಗುಮಾಸ್ತರು ಕೇಳಿದರು, "ಇನ್ನೊಂದು ಇದೆಯಾ?" ನಿನ್ನದು ನನ್ನ ಬ್ಯಾಗಿನಲ್ಲಿತ್ತು. ನಿನ್ನ ಮಾರ್ಕ್ಸ್ ನನ್ನದಕ್ಕಿಂತ ನಾಲ್ಕು ಹೆಚ್ಚಿತ್ತು. ನಾನು "ಇಲ್ಲ" ಎಂದೆ. ಆಮೇಲೆ ನಿನ್ನ ಹತ್ತಿರ, ಎರಡನ್ನೂ ಕೊಟ್ಟಿದ್ದೇನೆ, ಅವರು ಎಲ್ಲೋ ಕಳೆದು ಹಾಕಿರಬೇಕು ಎಂದು ಸುಳ್ಳು ಹೇಳಿದೆ. ಆಫೀಸಿನವರು ಏನೂ ಕಳೆಯಲಿಲ್ಲ ದೀಕ್ಷೂ. ಅಜ್ಜನಿಗೂ ಹೇಳು. ನಾಲ್ಕು ವರ್ಷದಿಂದ ಅದು ನನ್ನ ಕೆಮಿಸ್ಟ್ರಿ ಪುಸ್ತಕದೊಳಗಿತ್ತು, ಹರಿಯಲು ಕೈ ಬರಲಿಲ್ಲ.

ರಿಪೋರ್ಟ್ ಮಾರ್ಚ್ ಇಪ್ಪತ್ತೈದು, ಬುಧವಾರ ಹೋಗುತ್ತದೆ. ಇದನ್ನೆಲ್ಲ ಓದಿದ ಮೇಲೂ ನನ್ನ ಹೆಸರಿನ ಪಕ್ಕ ನಿನ್ನ ಹೆಸರು ಇರಬಹುದೇ, ನೀನು ಬರುತ್ತೀಯಾ? ನನ್ನ ಮೇಲೆ ಎಷ್ಟು ಬೇಕಾದರೂ ಬೈದು ಬರೆ, ಆದರೆ ಆ ಕೆಲಸ ಬೇಡ ಎನ್ನಬೇಡ. ಗಣಪಣ್ಣನ ಬಸ್ಸು ಬೆಳಿಗ್ಗೆ ಒಂಬತ್ತಕ್ಕೆ ಉಪ್ಪುಂದ ಬಿಡುತ್ತದೆ. ಒಂದು ಚೀಟಿ ಸಾಕು. ಬೇಗ ಉತ್ತರ ಬರೆ.